ಪುಸ್ತಕ ಮಾರಾಟದ ಜಾಲತಾಣಗಳಲ್ಲಿ ಓದುಗರ ವಿಮರ್ಶೆ: ತೊಡಕುಗಳು, ಕಾರಣಗಳು ಮತ್ತು ವರ್ತಕರಿಗೆ ಪಾಠ

ಬಾಯಿಮಾತಿನ ಪ್ರಚಾರಕ್ಕಿಂತ ಮಿಗಿಲಾದ ಜಾಹೀರಾತು ಇಲ್ಲವೆಂಬುದು ವರ್ತಕರೆಲ್ಲರೂ ಬಲ್ಲ ಸಂಗತಿ. ಪುಸ್ತಕ ವ್ಯಾಪಾರದ ಮಟ್ಟಿಗೆ ಈ ಮಾತು ಇನ್ನೂ ಹೆಚ್ಚು ಸತ್ಯ. ಸೀರೆಯನ್ನು ಮುಟ್ಟಿ ನೋಡಬಹುದು, ಅಕ್ಕಿಯನ್ನು ಅಂಗೈಯಲ್ಲಿಟ್ಟು ಪರೀಕ್ಷಿಸಬಹುದು. ಪುಸ್ತಕದ ಗುಣವಾದರೋ ಓದಿ ಮುಗಿಸುವವರೆಗೆ ತಿಳಿಯುವುದಿಲ್ಲ. ಹೀಗಾಗಿ ಮೊದಲೇ ಓದಿದವರ ಅಭಿಪ್ರಾಯವೇ ಕೊಳ್ಳುವವರಿಗೆ ಮುಖ್ಯ ಆಧಾರವಾಗಿದೆ. ಹಿಂದೆ ಈ ಅಭಿಪ್ರಾಯವು ಅಂಗಡಿಯ ಕಟ್ಟೆಯ ಮೇಲೆ, ಗ್ರಂಥಾಲಯದ ಜಗಲಿಯಲ್ಲಿ, ಪತ್ರಿಕೆಗಳ ವಿಮರ್ಶಾ ಅಂಕಣದಲ್ಲಿ ದೊರೆಯುತ್ತಿತ್ತು. ಅಂತರ್ಜಾಲದ ಮೂಲಕ ಪುಸ್ತಕ ಮಾರಾಟ ಆರಂಭವಾದ ಮೇಲೆ ಅದು ಮಾರಾಟದ ಪುಟದ ಮೇಲೆಯೇ, ಬೆಲೆಯ ಪಕ್ಕದಲ್ಲಿಯೇ ಬಂದು ನಿಂತಿತು.

ಆದರೆ ಈ ಅಭಿಪ್ರಾಯವನ್ನು ದಾಖಲಿಸಲು ಹೊರಟ ಓದುಗನ ಅನುಭವ ಅಷ್ಟು ಸುಗಮವಾಗಿಲ್ಲ. ಒಂದು ಗಂಟೆ ಕುಳಿತು ಬರೆದ ವಿಮರ್ಶೆ ಕಾರಣ ತಿಳಿಸದೆ ತಿರಸ್ಕೃತವಾಗುವುದು, ಪ್ರಕಟವಾದದ್ದು ಕೆಲವು ದಿನಗಳ ನಂತರ ಮಾಯವಾಗುವುದು, ಒಂದು ಮುದ್ರಣದ ಬಗ್ಗೆ ಬರೆದದ್ದು ಮತ್ತೊಂದು ಮುದ್ರಣದ ಕೆಳಗೆ ಕಾಣಿಸಿಕೊಳ್ಳುವುದು ಇವೆಲ್ಲ ಸಾಮಾನ್ಯ ದೂರುಗಳು. ಇದು ಕೇವಲ ಓದುಗರ ಬೇಸರದ ವಿಷಯವೆಂದು ವರ್ತಕರು ತಳ್ಳಿಹಾಕುವಂತಿಲ್ಲ. ಸುಳ್ಳು ವಿಮರ್ಶೆಗಳನ್ನು ತಡೆಯಲು ಹೂಡಿದ ಕಾವಲಿನ ವೆಚ್ಚವನ್ನು ಬಹುಮಟ್ಟಿಗೆ ಪ್ರಾಮಾಣಿಕ ಓದುಗನೇ ಭರಿಸುತ್ತಿದ್ದಾನೆ. ಅವನು ಬರೆಯುವುದನ್ನು ನಿಲ್ಲಿಸಿದರೆ ನಷ್ಟವಾಗುವುದು ಪ್ರಕಾಶಕನಿಗೆ ಮತ್ತು ಮಾರಾಟಗಾರನಿಗೆ. ಈ ತೊಡಕುಗಳ ಸ್ವರೂಪವನ್ನೂ ಹಿನ್ನೆಲೆಯನ್ನೂ ಪರಿಹಾರದ ಮಾರ್ಗಗಳನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ವಿಮರ್ಶೆಯ ವ್ಯಾಪಾರೀ ಮೌಲ್ಯ

ಅಮೆರಿಕದ ಅಮೆಜಾನ್ ಸಂಸ್ಥೆಯು 1995ರ ಜುಲೈ ತಿಂಗಳಲ್ಲಿ ಪುಸ್ತಕ ಮಾರಾಟಕ್ಕಾಗಿ ತನ್ನ ಜಾಲತಾಣವನ್ನು ತೆರೆಯಿತು. ಗ್ರಾಹಕರು ತಾವು ಓದಿದ ಪುಸ್ತಕಗಳ ಬಗ್ಗೆ ಅಲ್ಲಿಯೇ ಅಭಿಪ್ರಾಯ ಬರೆಯುವ ಅವಕಾಶವನ್ನು ಅದೇ ವರ್ಷ ಒದಗಿಸಲಾಯಿತು. ಪ್ರತಿಕೂಲ ವಿಮರ್ಶೆಗಳನ್ನೂ ಮಾರಾಟದ ಪುಟದಲ್ಲಿ ಪ್ರಕಟಿಸುವುದನ್ನು ಕಂಡು ಪ್ರಕಾಶಕರಲ್ಲಿ ಕೆಲವರಿಗೆ ಆಶ್ಚರ್ಯವಾಯಿತು, ಅಸಮಾಧಾನವೂ ಆಯಿತು. ತನ್ನ ಸರಕನ್ನು ತಾನೇ ಹಳಿಯುವ ಅಂಗಡಿಯುಂಟೇ ಎಂಬುದು ಅವರ ಪ್ರಶ್ನೆ. ಸರಕು ಮಾರಿದಾಗ ಮಾತ್ರವಲ್ಲ, ಗ್ರಾಹಕನು ಸರಿಯಾದ ನಿರ್ಧಾರ ಕೈಗೊಳ್ಳಲು ನೆರವಾದಾಗಲೇ ಅಂಗಡಿಗೆ ನಿಜವಾದ ಲಾಭವೆಂಬ ಆಶಯದ ಸಮರ್ಥನೆಯನ್ನು ಸಂಸ್ಥಾಪಕ ಜೆಫ್ ಬೆಜೋಸ್ ನೀಡಿದರು.

ಈ ನಿಲುವಿಗೆ ವ್ಯಾಪಾರದ ದೃಷ್ಟಿಯಿಂದಲೂ ಆಧಾರವಿದೆಯೆಂಬುದನ್ನು ಮುಂದೆ ಸಂಶೋಧಕರು ತೋರಿಸಿದರು. ಜುಡಿತ್ ಷೆವಲಿಯರ್ ಮತ್ತು ಡೀನಾ ಮೇಜ್ಲಿನ್ ಎಂಬ ಇಬ್ಬರು ವಿದ್ವಾಂಸರು ಅಮೆಜಾನ್ ಮತ್ತು ಬಾರ್ನ್ಸ್ ಅಂಡ್ ನೋಬಲ್ ಸಂಸ್ಥೆಗಳ ಜಾಲತಾಣಗಳಲ್ಲಿ ಒಂದೇ ಪುಸ್ತಕದ ವಿಮರ್ಶೆಗಳನ್ನೂ ಮಾರಾಟದ ಸ್ಥಾನವನ್ನೂ ಹೋಲಿಸಿ 2006ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ತಾಣದಲ್ಲಿ ಪುಸ್ತಕದ ವಿಮರ್ಶೆಗಳು ಉತ್ತಮಗೊಂಡಾಗ ಆ ತಾಣದಲ್ಲಿ ಅದರ ಮಾರಾಟವು ಇನ್ನೊಂದಕ್ಕೆ ಹೋಲಿಸಿದರೆ ಏರುತ್ತದೆಯೆಂಬುದು ಅವರ ಮುಖ್ಯ ನಿರ್ಣಯ. ಐದು ನಕ್ಷತ್ರಗಳ ಹೊಗಳಿಕೆ ಮಾಡುವ ಒಳಿತಿಗಿಂತ ಒಂದು ನಕ್ಷತ್ರದ ತೆಗಳಿಕೆ ಮಾಡುವ ಹಾನಿ ಹೆಚ್ಚೆಂಬುದು ಮತ್ತೊಂದು. ಗ್ರಾಹಕರು ಕೇವಲ ಸರಾಸರಿ ಅಂಕವನ್ನು ನೋಡಿ ಸುಮ್ಮನಾಗುವುದಿಲ್ಲ, ಬರಹವನ್ನೂ ಓದುತ್ತಾರೆ ಎಂಬ ಸೂಚನೆಯೂ ಅಲ್ಲಿ ದೊರೆಯಿತು. ಓದುಗನು ಬಿಡುವಿನ ವೇಳೆಯಲ್ಲಿ, ಯಾವ ಸಂಭಾವನೆಯೂ ಇಲ್ಲದೆ ಬರೆದ ನಾಲ್ಕು ಸಾಲುಗಳು ಅಂಗಡಿಯ ಪಾಲಿಗೆ ಬೆಲೆಯುಳ್ಳ ಆಸ್ತಿಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕಕ್ಕೂ ಈ ವಿಷಯಕ್ಕೂ ನೇರವಾದ ನಂಟಿದೆ. ಬೆಂಗಳೂರಿನಲ್ಲಿ 2007ರಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಆರಂಭಿಸಿದ ಫ್ಲಿಪ್‌ಕಾರ್ಟ್ ಮೊದಲಿಗೆ ಪುಸ್ತಕದ ಅಂಗಡಿಯಾಗಿಯೇ ತೆರೆಯಿತು. ಅಮೆಜಾನ್ ಸಂಸ್ಥೆಯ ಭಾರತದ ತಾಣವು 2013ರ ಜೂನ್ ತಿಂಗಳಲ್ಲಿ ಪುಸ್ತಕ ಮತ್ತು ಚಲನಚಿತ್ರಗಳ ಮಾರಾಟದೊಂದಿಗೆ ಪ್ರಾರಂಭವಾಗಿ, 2020ರ ಸೆಪ್ಟೆಂಬರ್‌ನಲ್ಲಿ ಕನ್ನಡದಲ್ಲಿಯೂ ಖರೀದಿ ಮಾಡುವ ಸೌಲಭ್ಯವನ್ನು ಒದಗಿಸಿತು. ಕನ್ನಡದ ಪ್ರಕಾಶಕರೂ ಪುಸ್ತಕ ವ್ಯಾಪಾರಿಗಳೂ ಇಂತಹ ತಾಣಗಳ ಮೂಲಕ ಮಾರಾಟ ನಡೆಸತೊಡಗಿದ ಮೇಲೆ ವಿಮರ್ಶೆಯ ಲಾಭನಷ್ಟಗಳು ಅವರ ಲೆಕ್ಕಪುಸ್ತಕಕ್ಕೂ ಬಂದಿವೆ.

ಬಾಗಿಲಲ್ಲಿಯೇ ಎದುರಾಗುವ ತಡೆಗಳು

ಒಬ್ಬ ನಿವೃತ್ತ ಅಧ್ಯಾಪಕರು ಇತಿಹಾಸದ ಗ್ರಂಥವೊಂದನ್ನು ಓದಿ, ಅದರ ಗುಣದೋಷಗಳನ್ನು ಕುರಿತು ಮುನ್ನೂರು ಪದಗಳ ಟಿಪ್ಪಣಿ ಸಿದ್ಧಪಡಿಸಿದರೆಂದು ಇಟ್ಟುಕೊಳ್ಳಬಹುದು. ಅವರ ಟಿಪ್ಪಣಿ ಮಾರಾಟದ ಪುಟವನ್ನು ಸೇರುವ ಮುನ್ನ ಹಲವು ಗೇಟುಗಳನ್ನು ದಾಟಬೇಕಾಗುತ್ತದೆ.

ಮೊದಲನೆಯದು ಖಾತೆಯ ಅರ್ಹತೆ. ತಾಣದಲ್ಲಿ ಖಾತೆ ತೆರೆದಿದ್ದರಷ್ಟೇ ಸಾಲದು, ಅದರ ಮೂಲಕ ಇಂತಿಷ್ಟು ಖರೀದಿ ನಡೆದಿರಬೇಕೆಂಬ ನಿಬಂಧನೆಯೂ ಇರಬಹುದು. ಅಮೆಜಾನ್ ತನ್ನ ಅಮೆರಿಕದ ತಾಣದಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 50 ಡಾಲರ್ ಮೊತ್ತದ ಖರೀದಿ ಮಾಡಿದವರಿಗೆ ಮಾತ್ರ ವಿಮರ್ಶೆ ಬರೆಯುವ ಅವಕಾಶವೆಂಬ ನಿಯಮವನ್ನು ತಂದಿತು. ಗ್ರಂಥಾಲಯದಿಂದ ತಂದು ಓದುವವರು, ಊರಿನ ಅಂಗಡಿಯಲ್ಲಿಯೇ ಕೊಳ್ಳುವವರು ಎಷ್ಟೇ ಗಂಭೀರ ಓದುಗರಾಗಿದ್ದರೂ ಇಂತಹ ನಿಯಮದ ಹೊರಗೆ ಉಳಿಯುತ್ತಾರೆ.

ಎರಡನೆಯದು ಖರೀದಿಯ ದೃಢೀಕರಣ. ಅದೇ ತಾಣದಲ್ಲಿ ಆ ಪುಸ್ತಕವನ್ನು ಕೊಂಡವರ ಬರಹಕ್ಕೆ ‘ದೃಢೀಕೃತ ಖರೀದಿ’ ಎಂಬ ಮುದ್ರೆ ದೊರೆಯುತ್ತದೆ. ಬೇರೆಡೆ ಕೊಂಡವರ ಬರಹಕ್ಕೆ ದೊರೆಯುವುದಿಲ್ಲ. ಸರಾಸರಿ ಅಂಕವನ್ನು ಲೆಕ್ಕ ಹಾಕುವಾಗ ಈ ಮುದ್ರೆಯುಳ್ಳ ಮತ್ತು ಇತ್ತೀಚಿನ ವಿಮರ್ಶೆಗಳಿಗೆ ಹೆಚ್ಚಿನ ತೂಕ ನೀಡುವ ಪದ್ಧತಿಯನ್ನು ಅಮೆಜಾನ್ 2015ರಲ್ಲಿ ಜಾರಿಗೆ ತಂದಿತು. ಸುಳ್ಳನ್ನು ತಡೆಯಲು ಇದು ಉಪಯುಕ್ತ ಕ್ರಮವೇ ಸರಿ. ಆದರೆ ಬಿಲ್ಲು ಖರೀದಿಗೆ ಸಾಕ್ಷಿಯೇ ಹೊರತು ಓದಿಗೆ ಸಾಕ್ಷಿಯಲ್ಲ. ಪುಸ್ತಕವನ್ನು ಕೊಂಡು ತೆರೆಯದವನಿಗೆ ಮುದ್ರೆ ಸಿಗುತ್ತದೆ, ಎರಡು ಬಾರಿ ಓದಿ ಟಿಪ್ಪಣಿ ಮಾಡಿಕೊಂಡವನಿಗೆ ಸಿಗುವುದಿಲ್ಲ.

ಮೂರನೆಯದು ತಂತ್ರಾಂಶದ ಪರಿಶೀಲನೆ. ಬರಹವನ್ನು ಸಲ್ಲಿಸಿದ ಕೂಡಲೇ ಅದು ಪುಟದಲ್ಲಿ ಕಾಣಿಸುವುದಿಲ್ಲ. ಅದರಲ್ಲಿ ಬೇರೆ ಜಾಲತಾಣದ ವಿಳಾಸವಿದೆಯೇ, ಅಶ್ಲೀಲ ಪದಗಳಿವೆಯೇ, ಸರಕು ತಲುಪಿದ ಬಗೆಯ ಬಗ್ಗೆ ದೂರಿದೆಯೇ ಎಂಬುದನ್ನೆಲ್ಲ ಯಂತ್ರವು ಮೊದಲು ಶೋಧಿಸುತ್ತದೆ. ಯಂತ್ರಕ್ಕೆ ಸಂದರ್ಭದ ಅರಿವು ಕಡಿಮೆ. ಯುದ್ಧದ ಇತಿಹಾಸವನ್ನು ವಿಮರ್ಶಿಸುವಾಗ ಕೊಲೆ, ಅತ್ಯಾಚಾರಗಳ ಉಲ್ಲೇಖ ಅನಿವಾರ್ಯ. ವೈದ್ಯಗ್ರಂಥವನ್ನು ವಿಮರ್ಶಿಸುವಾಗ ಅಂಗಾಂಗಗಳ ಹೆಸರು ಬಂದೇ ಬರುತ್ತದೆ. ಪದವನ್ನು ಮಾತ್ರ ಕಾಣುವ ಜರಡಿಯಲ್ಲಿ ಇವೂ ಸಿಕ್ಕಿಕೊಳ್ಳುವ ಸಂಭವವಿದೆ.

ನಾಲ್ಕನೆಯದೂ ಅತ್ಯಂತ ಬೇಸರದ್ದೂ ಆದ ಸಂಗತಿಯೆಂದರೆ ಕಾರಣವಿಲ್ಲದ ತಿರಸ್ಕಾರ. ‘ತಮ್ಮ ವಿಮರ್ಶೆಯು ನಮ್ಮ ಮಾರ್ಗಸೂಚಿಗಳಿಗೆ ಅನುಗುಣವಾಗಿಲ್ಲ’ ಎಂಬ ಧಾಟಿಯ ಸಿದ್ಧ ಒಕ್ಕಣೆಯ ಪತ್ರವೊಂದು ಬರುತ್ತದೆ. ಯಾವ ಮಾರ್ಗಸೂಚಿ, ಯಾವ ಸಾಲು, ಏನನ್ನು ತಿದ್ದಿದರೆ ಸರಿಹೋದೀತು ಎಂಬ ವಿವರ ಅದರಲ್ಲಿರುವುದಿಲ್ಲ. ಅಧ್ಯಾಪಕರು ಊಹೆಯಿಂದ ಒಂದು ವಾಕ್ಯವನ್ನು ತೆಗೆದು ಮತ್ತೆ ಕಳುಹಿಸುತ್ತಾರೆ, ಅದೂ ಹಿಂದಿರುಗುತ್ತದೆ. ಮೂರನೆಯ ಬಾರಿಗೆ ಅವರು ಕೈಬಿಡುತ್ತಾರೆ. ಅಂಗಡಿಯ ಲೆಕ್ಕದಲ್ಲಿ ಇದು ಎಲ್ಲಿಯೂ ನಷ್ಟವೆಂದು ನಮೂದಾಗುವುದಿಲ್ಲ.

ಇಷ್ಟೊಂದು ಕಾವಲು ಏಕೆ?

ಈ ತಡೆಗಳನ್ನು ಅಂಗಡಿಗಳು ಸುಮ್ಮನೆ ಹುಟ್ಟುಹಾಕಲಿಲ್ಲ. ಅವುಗಳ ಹಿಂದೆ ವಂಚನೆಯ ದೀರ್ಘ ಇತಿಹಾಸವಿದೆ.

2004ರ ಫೆಬ್ರವರಿಯಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ತಾಂತ್ರಿಕ ದೋಷವೊಂದು ಸಂಭವಿಸಿ, ಅನಾಮಧೇಯರಾಗಿ ಬರೆದಿದ್ದವರ ನಿಜನಾಮಗಳು ಕೆಲವು ದಿನ ಎಲ್ಲರಿಗೂ ಕಾಣಿಸಿದವು. ಕೆಲವು ಲೇಖಕರು ತಮ್ಮ ಪುಸ್ತಕಗಳನ್ನು ತಾವೇ ಹೊಗಳಿಕೊಂಡಿದ್ದ ಸಂಗತಿ ಆಗ ಬಯಲಾಯಿತು. ಅದೇ ವರ್ಷ ಸಂಸ್ಥೆಯು ನಿಜನಾಮದ ಮುದ್ರೆಯೆಂಬ ಪದ್ಧತಿಯನ್ನು ಆರಂಭಿಸಿತು. ಆದರೂ ಮರೆಯ ವಿಮರ್ಶೆಗಳು ನಿಲ್ಲಲಿಲ್ಲ. ಬ್ರಿಟನ್ನಿನ ಪ್ರಸಿದ್ಧ ಇತಿಹಾಸಕಾರ ಆರ್ಲಾಂಡೊ ಫೈಜಸ್ ತಮ್ಮ ಕ್ಷೇತ್ರದ ಇತರ ಲೇಖಕರ ಗ್ರಂಥಗಳನ್ನು ಹಳಿದೂ ತಮ್ಮದನ್ನು ಹೊಗಳಿಯೂ ಮರೆಯ ಹೆಸರಿನಲ್ಲಿ ಬರೆದುದನ್ನು 2010ರಲ್ಲಿ ಒಪ್ಪಿಕೊಳ್ಳಬೇಕಾಯಿತು. ಪರಿಹಾರದ ಹಣವನ್ನೂ ತೆರಬೇಕಾಯಿತು. 2012ರಲ್ಲಿ ಪತ್ತೇದಾರಿ ಕಾದಂಬರಿಕಾರ ಆರ್. ಜೆ. ಎಲರಿ ಅವರ ಇಂತಹುದೇ ನಡವಳಿಕೆ ಬೆಳಕಿಗೆ ಬಂದಿತು.

ಲೇಖಕರ ಆತ್ಮಪ್ರಶಂಸೆಗಿಂತಲೂ ಗಂಭೀರವಾದುದು ವಿಮರ್ಶೆಯೇ ಒಂದು ಸರಕಾಗಿ ಮಾರಾಟವಾಗತೊಡಗಿದ್ದು. ಅಮೆರಿಕದಲ್ಲಿ 2010ರಲ್ಲಿ ಆರಂಭವಾದ ಒಂದು ಸೇವೆಯು ಒಂದು ವಿಮರ್ಶೆಗೆ 99 ಡಾಲರ್, 20ಕ್ಕೆ 499 ಡಾಲರ್, 50ಕ್ಕೆ 999 ಡಾಲರ್ ದರ ನಿಗದಿಪಡಿಸಿತ್ತು. ಸಗಟು ಖರೀದಿಗೆ ರಿಯಾಯಿತಿ ನೀಡುವ ಈ ವ್ಯವಹಾರದ ವಿವರಗಳು 2012ರಲ್ಲಿ ಪತ್ರಿಕಾ ವರದಿಯ ಮೂಲಕ ಬಹಿರಂಗವಾದವು. ತಾವಾಗಿಯೇ ಪುಸ್ತಕ ಪ್ರಕಟಿಸಿ ಮಾರುತ್ತಿದ್ದ ಹೊಸ ಲೇಖಕರೇ ಇದರ ಮುಖ್ಯ ಗಿರಾಕಿಗಳು. 2015ರ ಅಕ್ಟೋಬರ್‌ನಲ್ಲಿ ಅಮೆಜಾನ್, ಅಲ್ಪ ಹಣಕ್ಕೆ ಸುಳ್ಳು ವಿಮರ್ಶೆ ಬರೆದುಕೊಡುವುದಾಗಿ ಪ್ರಕಟಿಸಿದ್ದ 1,114 ಮಂದಿಯ ಮೇಲೆ ಮೊಕದ್ದಮೆ ಹೂಡಿತು. ಮರುವರ್ಷ, ಸರಕನ್ನು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ಪಡೆದು ಬರೆಯುವ ವಿಮರ್ಶೆಗಳನ್ನು ನಿಷೇಧಿಸಿತು. ಪ್ರಕಟಣೆಗೆ ಮುನ್ನ ಪುಸ್ತಕದ ಗೌರವಪ್ರತಿಯನ್ನು ನೀಡುವ ಹಳೆಯ ಪದ್ಧತಿಗೆ ವಿನಾಯಿತಿ ಉಳಿಯಿತು.

ಹೀಗೆ ಒಂದೊಂದು ವಂಚನೆಯೂ ಒಂದೊಂದು ಹೊಸ ನಿಯಮಕ್ಕೆ ಕಾರಣವಾಯಿತು. ನಿಯಮಗಳು ಹೆಚ್ಚಿದಂತೆ ವಂಚಕರು ಹೊಸ ದಾರಿ ಹುಡುಕಿಕೊಂಡರು. ಅವರಿಗೆ ಅದು ಉದ್ಯೋಗ. ಹತ್ತು ಖಾತೆ ಮುಚ್ಚಿದರೆ ಇಪ್ಪತ್ತು ತೆರೆಯುತ್ತಾರೆ. ಒಂದೇ ಹೆಸರು, ಒಂದೇ ಖಾತೆಯುಳ್ಳ ಸಾಮಾನ್ಯ ಓದುಗನಿಗೆ ಆ ಉಪಾಯಗಳಿಲ್ಲ, ಬೇಕಾಗಿಯೂ ಇಲ್ಲ.

ಪ್ರಾಮಾಣಿಕನ ಮೇಲೆ ಬೀಳುವ ಹೊರೆ

2012ರ ಕೊನೆಯ ತಿಂಗಳುಗಳಲ್ಲಿ ಅಮೆಜಾನ್ ತಾಣದಿಂದ ಅನೇಕ ವಿಮರ್ಶೆಗಳು ಮಾಯವಾದವು. ಲೇಖಕನ ಬಂಧುಗಳು ಮತ್ತು ಆಪ್ತರು ವಿಮರ್ಶೆ ಬರೆಯಬಾರದೆಂಬ ನಿಯಮ ನ್ಯಾಯವಾದುದೇ. ಆದರೆ ಯಾರು ಆಪ್ತರು, ಯಾರು ಕೇವಲ ಪರಿಚಿತರು ಎಂಬುದನ್ನು ದೂರದ ಸಂಸ್ಥೆಯೊಂದು ತೀರ್ಮಾನಿಸುವುದು ಹೇಗೆ? ಸಹೋದ್ಯೋಗಿ ಲೇಖಕರ ಕೃತಿಗಳನ್ನು ಓದಿ ಬರೆದಿದ್ದವರೂ ತಮ್ಮ ಬರಹಗಳನ್ನು ಕಳೆದುಕೊಂಡುದಾಗಿ ಆಗ ದೂರಿದರು. ನೆಗಡಿ ಬಂದಿತೆಂದು ಮೂಗನ್ನೇ ಕೊಯ್ದುಕೊಂಡಂತೆ ಎಂಬ ಗಾದೆ ಇಂತಹ ಸಂದರ್ಭಕ್ಕೆ ಹೊಂದುತ್ತದೆ. ಸಾಹಿತ್ಯದ ಪ್ರಪಂಚ ಚಿಕ್ಕದು. ಕನ್ನಡದಂತಹ ಭಾಷೆಯಲ್ಲಿ ಇನ್ನೂ ಚಿಕ್ಕದು. ಬರೆಯುವವರೂ ಓದುವವರೂ ವಿಮರ್ಶಿಸುವವರೂ ಒಂದಲ್ಲ ಒಂದು ಸಭೆಯಲ್ಲಿ ಪರಸ್ಪರ ಭೇಟಿಯಾಗಿಯೇ ಇರುತ್ತಾರೆ. ಪರಿಚಯವನ್ನೇ ಪಕ್ಷಪಾತವೆಂದು ಎಣಿಸಿದರೆ ಅಲ್ಲಿ ವಿಮರ್ಶಕರೇ ಉಳಿಯಲಾರರು.

ಅಮೆಜಾನ್ 2013ರಲ್ಲಿ ಕೊಂಡುಕೊಂಡ ಗುಡ್‌ರೀಡ್ಸ್ ಎಂಬ ಓದುಗರ ತಾಣದಲ್ಲಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಕೃತಿಯನ್ನು ಬಿಟ್ಟು ಲೇಖಕನ ನಡವಳಿಕೆಯನ್ನು ಕುರಿತ ಬರಹಗಳನ್ನು ಇನ್ನು ಮುಂದೆ ತೆಗೆದುಹಾಕಲಾಗುವುದೆಂದು ಪ್ರಕಟಿಸಿದ ಸಂಸ್ಥೆಯು, ಸಂಬಂಧಪಟ್ಟ ಸದಸ್ಯರಿಗೆ ಮುನ್ಸೂಚನೆ ನೀಡದೆಯೇ ಅಂತಹ ಬರಹಗಳನ್ನು ತೆಗೆದಿತ್ತು. ತೊಂದರೆಗೊಳಗಾದವರ ಸಂಖ್ಯೆ ಕೇವಲ 21 ಎಂದು ಸಂಸ್ಥೆಯೇ ತಿಳಿಸಿತು. ಆದರೂ ಸಾವಿರಾರು ಸದಸ್ಯರು ಪ್ರತಿಭಟಿಸಿದರು. ಇಂದು 21 ಮಂದಿಯ ಬರಹ ಹೇಳದೆ ಕೇಳದೆ ಹೋದರೆ ನಾಳೆ ತಮ್ಮದೂ ಹೋದೀತೆಂಬ ಆತಂಕ ಅವರದು. ಮೊದಲೇ ತಿಳಿಸಬೇಕಾಗಿತ್ತೆಂದು ಸಂಸ್ಥೆಯು ಕ್ಷಮೆ ಕೋರಿತು. ನಿಯಮಕ್ಕಿಂತ ಹೆಚ್ಚಾಗಿ ನಿಯಮವನ್ನು ಜಾರಿಗೊಳಿಸುವ ರೀತಿಯೇ ಜನರನ್ನು ನೋಯಿಸುತ್ತದೆಯೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅಂಗಡಿಯ ಕಡೆಯ ಸಂಕಟವನ್ನೂ ಮರೆಯುವಂತಿಲ್ಲ. 2017ರ ಸೆಪ್ಟೆಂಬರ್ 12ರಂದು ಹಿಲರಿ ಕ್ಲಿಂಟನ್ ಅವರ ‘ವಾಟ್ ಹ್ಯಾಪನ್ಡ್’ ಎಂಬ ಪುಸ್ತಕ ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಅದರ ಪುಟದಲ್ಲಿ ನೂರಾರು ವಿಮರ್ಶೆಗಳು ಬಂದು ಬಿದ್ದವು. ಅಷ್ಟು ದೊಡ್ಡ ಪುಸ್ತಕವನ್ನು ಅಷ್ಟು ಬೇಗ ಓದಿ ಮುಗಿಸಿರುವ ಸಾಧ್ಯತೆ ಕಡಿಮೆ. ರಾಜಕೀಯ ಒಲವು ಅಥವಾ ದ್ವೇಷವೇ ಅವುಗಳಲ್ಲಿ ಬಹುಪಾಲಿನ ಮೂಲವೆಂಬುದು ಮೇಲ್ನೋಟಕ್ಕೇ ತಿಳಿಯುವಂತಿತ್ತು. ಅಮೆಜಾನ್ ನೂರಾರು ವಿಮರ್ಶೆಗಳನ್ನು ಅಳಿಸಿಹಾಕಿತು. ಆಗ ಪ್ರತಿಕೂಲ ಅಭಿಪ್ರಾಯವನ್ನು ಮುಚ್ಚಿಡಲಾಗುತ್ತಿದೆಯೆಂಬ ಟೀಕೆಯೂ ಕೇಳಿಬಂದಿತು. ಅಳಿಸದಿದ್ದರೆ ಪುಟ ಕೆಡುತ್ತದೆ, ಅಳಿಸಿದರೆ ನಂಬಿಕೆ ಕೆಡುತ್ತದೆ. ಇಂತಹ ಇಕ್ಕಟ್ಟಿನಲ್ಲಿ ಅಂಗಡಿಯನ್ನು ಕಾಪಾಡುವುದು ಮುಂಚಿತವಾಗಿ ಪ್ರಕಟಿಸಿದ ಸ್ಪಷ್ಟ ನಿಯಮವೊಂದೇ.

ಪುಸ್ತಕ ಒಂದು, ಪುಟ ಹಲವು

ಪುಸ್ತಕಗಳಿಗೆ ಮಾತ್ರ ವಿಶಿಷ್ಟವಾದ ಇನ್ನೊಂದು ತೊಡಕಿದೆ. ಒಂದೇ ಕೃತಿಗೆ ಗಟ್ಟಿ ರಟ್ಟಿನ ಪ್ರತಿ, ಸಾದಾ ಪ್ರತಿ, ವಿದ್ಯುನ್ಮಾನ ಪ್ರತಿ ಹೀಗೆ ಹಲವು ರೂಪಗಳಿರುತ್ತವೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕೃತಿಗಳನ್ನು ಹಲವು ಪ್ರಕಾಶಕರು ಏಕಕಾಲದಲ್ಲಿ ಮುದ್ರಿಸುತ್ತಾರೆ. ಅನುವಾದಗಳೂ ಒಂದಕ್ಕಿಂತ ಹೆಚ್ಚು ಇರುತ್ತವೆ. ಜಾಲತಾಣಗಳು ಇವೆಲ್ಲವುಗಳ ವಿಮರ್ಶೆಗಳನ್ನು ಒಂದೇ ರಾಶಿಯಲ್ಲಿ ಸೇರಿಸುವುದುಂಟು. ಆಗ ಒಬ್ಬ ಪ್ರಕಾಶಕನ ಮುದ್ರಣದೋಷಗಳ ಬಗ್ಗೆ ಬರೆದ ಟೀಕೆಯು ಅಚ್ಚುಕಟ್ಟಾಗಿ ಮುದ್ರಿಸಿದ ಮತ್ತೊಬ್ಬನ ಪುಟದಲ್ಲಿಯೂ ಕಾಣಿಸಿಕೊಳ್ಳುತ್ತದೆ. ವಿಮರ್ಶೆ ಬರೆದವನ ಶ್ರಮ ವ್ಯರ್ಥವಾಗುತ್ತದೆ, ತಪ್ಪು ಮಾಡದವನಿಗೆ ದಂಡ ಬೀಳುತ್ತದೆ.

ಇದರ ವಿರುದ್ಧ ದಿಕ್ಕಿನ ತೊಂದರೆ ಕನ್ನಡ ಪುಸ್ತಕಗಳಿಗೆ ಎದುರಾಗಬಹುದು. ಕನ್ನಡದ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ನಮೂದಿಸುವಾಗ ದೀರ್ಘ, ಮಹಾಪ್ರಾಣಗಳನ್ನು ಒಬ್ಬೊಬ್ಬ ಮಾರಾಟಗಾರ ಒಂದೊಂದು ಬಗೆಯಲ್ಲಿ ಬರೆಯುತ್ತಾನೆ. ಒಂದೇ ಪುಸ್ತಕಕ್ಕೆ ಎರಡು ಮೂರು ಪುಟಗಳು ಹುಟ್ಟಿಕೊಂಡರೆ ಇರುವ ಕೆಲವೇ ವಿಮರ್ಶೆಗಳೂ ಹಂಚಿಹೋಗುತ್ತವೆ.

ವಿಮರ್ಶೆಗಳ ಸಂಖ್ಯೆ ಕಡಿಮೆಯಿರುವಲ್ಲಿ ಒಂದೊಂದರ ಬೆಲೆ ಎಷ್ಟೆಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಪುಸ್ತಕಕ್ಕೆ ಐದು ವಿಮರ್ಶೆಗಳು ಬಂದು, ಅವುಗಳ ಅಂಕ ಕ್ರಮವಾಗಿ 5, 5, 4, 4 ಮತ್ತು 1 ಆಗಿದ್ದರೆ ಸಾದಾ ಸರಾಸರಿ 3.8. ಇವುಗಳಲ್ಲಿ ಒಂದು ಐದಂಕದ ಮತ್ತು ಒಂದು ನಾಲ್ಕಂಕದ ವಿಮರ್ಶೆಯನ್ನು ಯಂತ್ರವು ತಡೆದರೆ ಉಳಿದ ಮೂರರ ಸರಾಸರಿ 3.3ಕ್ಕೆ ಇಳಿಯುತ್ತದೆ. ಐನೂರು ವಿಮರ್ಶೆಗಳುಳ್ಳ ಇಂಗ್ಲಿಷ್ ಕಾದಂಬರಿಗೆ ಎರಡು ವಿಮರ್ಶೆ ಹೋದರೆ ಏನೂ ಆಗುವುದಿಲ್ಲ. ಒಂದು ಸಾವಿರ ಪ್ರತಿ ಅಚ್ಚು ಹಾಕಿಸಿ, ಬಂಡವಾಳ ಹಿಂದಿರುಗಲು ವರ್ಷಗಟ್ಟಲೆ ಕಾಯುವ ಸಣ್ಣ ಪ್ರಕಾಶಕನಿಗೆ ಇದು ಗಣನೀಯ ಪೆಟ್ಟು.

ಇದಲ್ಲದೆ, ವಿಮರ್ಶೆಯ ಅಂಕಗಳು ಸ್ವಭಾವತಃ ಎರಡು ತುದಿಗಳಿಗೆ ವಾಲುತ್ತವೆ. ಪುಸ್ತಕವನ್ನು ಬಹಳ ಮೆಚ್ಚಿದವರೂ ಬಹಳ ಬೇಸರಪಟ್ಟವರೂ ಬರೆಯಲು ಮುಂದಾಗುತ್ತಾರೆ, ಸಾಧಾರಣವೆನಿಸಿದವರು ಸುಮ್ಮನಿರುತ್ತಾರೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಇದೇ ಅಂಶವನ್ನು ಗುರುತಿಸಿತು. ಬರೆಯುವ ದಾರಿ ಕಠಿಣವಾದಷ್ಟೂ ಮಧ್ಯದ ಈ ಸಮತೋಲದ ಓದುಗನೇ ಮೊದಲು ಹಿಂದೆ ಸರಿಯುತ್ತಾನೆ. ಕೋಪಗೊಂಡವನು ಮೂರು ಬಾರಿ ತಿರಸ್ಕೃತನಾದರೂ ನಾಲ್ಕನೆಯ ಬಾರಿ ಪ್ರಯತ್ನಿಸುತ್ತಾನೆ. ಹಣ ಪಡೆದವನು ಐದನೆಯ ಬಾರಿಯೂ ಪ್ರಯತ್ನಿಸುತ್ತಾನೆ. ಬರಹವಿಲ್ಲದೆ ನಕ್ಷತ್ರವನ್ನು ಮಾತ್ರ ಒತ್ತುವ ಸೌಲಭ್ಯವನ್ನು ಅಮೆಜಾನ್ 2019ರಲ್ಲಿ ಒದಗಿಸಿದುದರಿಂದ ಅಭಿಪ್ರಾಯ ನೀಡುವ ಶ್ರಮ ಕಡಿಮೆಯಾಯಿತು. ಆದರೆ ಪುಸ್ತಕ ಏಕೆ ಚೆನ್ನಾಗಿದೆ, ಯಾರಿಗೆ ಉಪಯುಕ್ತ ಎಂಬುದನ್ನು ನಕ್ಷತ್ರ ಹೇಳಲಾರದು.

ಕಾನೂನು ಮತ್ತು ಮಾನಕ

ಭಾರತದಲ್ಲಿ ಈ ಕ್ಷೇತ್ರಕ್ಕೆ ಅನ್ವಯಿಸುವ ಎರಡು ಮುಖ್ಯ ದಾಖಲೆಗಳನ್ನು ವರ್ತಕರು ತಿಳಿದಿರಬೇಕು. ಮೊದಲನೆಯದು ಗ್ರಾಹಕ ಸಂರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020. ಮಾರಾಟಗಾರನು ತಾನೇ ಗ್ರಾಹಕನೆಂದು ತೋರಿಸಿಕೊಂಡು ಸರಕಿನ ಬಗ್ಗೆ ವಿಮರ್ಶೆ ಬರೆಯುವುದನ್ನು ಈ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಪ್ರತಿಯೊಂದು ಇ-ವಾಣಿಜ್ಯ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಗ್ರಾಹಕನ ದೂರು ತಲುಪಿದುದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬುದೂ ಅದರಲ್ಲಿದೆ.

ಎರಡನೆಯದು ಭಾರತೀಯ ಮಾನಕ ಬ್ಯೂರೋ ರೂಪಿಸಿದ ಐಎಸ್ 19000:2022. ಜಾಲತಾಣಗಳಲ್ಲಿ ಗ್ರಾಹಕರ ವಿಮರ್ಶೆಯನ್ನು ಸಂಗ್ರಹಿಸುವ, ಪರಿಶೀಲಿಸುವ ಮತ್ತು ಪ್ರಕಟಿಸುವ ಕ್ರಮವನ್ನು ಕುರಿತ ಈ ಮಾನಕವು 2022ರ ನವೆಂಬರ್ 25ರಂದು ಐಚ್ಛಿಕ ಮಾನಕವಾಗಿ ಜಾರಿಗೆ ಬಂದಿತು. ಪ್ರಾಮಾಣಿಕತೆ, ನಿಖರತೆ, ಖಾಸಗಿತನ, ಭದ್ರತೆ, ಪಾರದರ್ಶಕತೆ, ಸುಲಭಲಭ್ಯತೆ ಮತ್ತು ಸ್ಪಂದನಶೀಲತೆ ಎಂಬ ಏಳು ತತ್ತ್ವಗಳು ಇದರ ತಳಹದಿ. ವಿಮರ್ಶೆ ಬರೆದವನ ಗುರುತನ್ನು ಇ-ಮೇಲ್, ದೂರವಾಣಿ ಕರೆ, ಕಿರುಸಂದೇಶ ಮುಂತಾದ ವಿಧಾನಗಳಿಂದ ದೃಢೀಕರಿಸುವ ಬಗೆಯನ್ನೂ, ಯಂತ್ರ ಮತ್ತು ಮನುಷ್ಯ ಎರಡರಿಂದಲೂ ಪರಿಶೀಲನೆ ನಡೆಸುವ ಬಗೆಯನ್ನೂ ಅದು ವಿವರಿಸುತ್ತದೆ. ಬರೆಯುವವನಿಗೆ ಮಾತ್ರವಲ್ಲದೆ ವಿಮರ್ಶೆಯನ್ನು ನಿರ್ವಹಿಸುವ ಸಂಸ್ಥೆಗೂ ಹೊಣೆಗಳಿವೆಯೆಂದು ಒಪ್ಪಿಕೊಂಡಿರುವುದು ಇದರ ಮಹತ್ವ.

ವಿದೇಶಗಳಲ್ಲಿಯೂ ಇದೇ ದಿಕ್ಕಿನ ಬೆಳವಣಿಗೆಗಳಾಗಿವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಸುಳ್ಳು ವಿಮರ್ಶೆಗಳ ಖರೀದಿ ಮತ್ತು ಮಾರಾಟವನ್ನು ನಿಷೇಧಿಸುವ ನಿಯಮವನ್ನು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ತಂದಿತು. ಬೆದರಿಕೆಯ ಮೂಲಕ ಪ್ರತಿಕೂಲ ವಿಮರ್ಶೆಯನ್ನು ಅಡಗಿಸುವುದನ್ನೂ ಅದೇ ನಿಯಮ ನಿಷೇಧಿಸುತ್ತದೆ. ಬ್ರಿಟನ್ನಿನಲ್ಲಿ ಸುಳ್ಳು ವಿಮರ್ಶೆಯ ಮೇಲಿನ ನಿಷೇಧ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ವರ್ತಕರು ಗಮನಿಸಬೇಕಾದ ಅಂಶಗಳು

ಸ್ವಂತ ಜಾಲತಾಣದ ಮೂಲಕ ಪುಸ್ತಕ ಮಾರುವವರು ದೊಡ್ಡ ಸಂಸ್ಥೆಗಳ ಅನುಭವದಿಂದ ಕಲಿಯಬೇಕಾದ ಪಾಠಗಳು ಹೀಗಿವೆ:

1. ವಿಮರ್ಶೆಯ ನಿಯಮಗಳು ಸರಳ ಕನ್ನಡದಲ್ಲಿ, ವಿಮರ್ಶೆ ಬರೆಯುವ ಪುಟದಲ್ಲಿಯೇ ಇರಬೇಕು. ಬರೆದು ಮುಗಿಸಿದ ಮೇಲೆ ನಿಯಮ ತೋರಿಸುವುದು ಸರಿಯಲ್ಲ.

2. ವಿಮರ್ಶೆಯನ್ನು ತಿರಸ್ಕರಿಸುವಾಗ ಯಾವ ನಿಯಮಕ್ಕೆ ವಿರುದ್ಧವೆಂದು ತಿಳಿಸಿ, ತಿದ್ದಿ ಮತ್ತೆ ಸಲ್ಲಿಸುವ ಅವಕಾಶ ನೀಡಬೇಕು. ಬರೆದವನ ಮೂಲ ಬರಹ ಅವನಿಗೆ ಹಿಂದಿರುಗುವಂತಿರಬೇಕು.

3. ಯಂತ್ರದ ತೀರ್ಮಾನವನ್ನು ಪ್ರಶ್ನಿಸಿದಾಗ ಮನುಷ್ಯನೊಬ್ಬನು ಅದನ್ನು ಓದಬೇಕು. ದಿನಕ್ಕೆ ಹತ್ತಿಪ್ಪತ್ತು ವಿಮರ್ಶೆ ಬರುವ ಅಂಗಡಿಗೆ ಇದು ದೊಡ್ಡ ಖರ್ಚಲ್ಲ. ದೊಡ್ಡ ಸಂಸ್ಥೆಗಳಿಗೆ ಕಷ್ಟವಾದ ಈ ಕೆಲಸ ಸಣ್ಣ ಅಂಗಡಿಗೆ ಸುಲಭ, ಅದೇ ಅದರ ಬಲ.

4. ಬೇರೆಡೆ ಕೊಂಡು ಅಥವಾ ಗ್ರಂಥಾಲಯದಿಂದ ತಂದು ಓದಿದವರಿಗೂ ಬರೆಯಲು ಅವಕಾಶವಿರಲಿ. ಖರೀದಿಯ ಮುದ್ರೆಯನ್ನು ಪ್ರತ್ಯೇಕವಾಗಿ ತೋರಿಸಿದರೆ ಓದುಗರು ತಾವೇ ತೂಗಿ ನೋಡುತ್ತಾರೆ.

5. ಸರಕು ತಡವಾಗಿ ತಲುಪಿದ, ಪುಟ ಹರಿದ ದೂರುಗಳಿಗೆ ಬೇರೆ ಜಾಗವನ್ನು ಎದ್ದು ಕಾಣುವಂತೆ ಒದಗಿಸಬೇಕು. ಆಗ ಅವು ಕೃತಿಯ ವಿಮರ್ಶೆಯೊಡನೆ ಬೆರೆಯುವುದಿಲ್ಲ.

ಪ್ರಕಾಶಕರು ಪ್ರತಿಯೊಂದು ಮುದ್ರಣ ರೂಪಕ್ಕೂ ಪ್ರತ್ಯೇಕ ಐಎಸ್‌ಬಿಎನ್ ಸಂಖ್ಯೆ ಪಡೆಯುವುದು ಅಗತ್ಯ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಸಂಸ್ಥೆಯಿಂದ ಇದು ಉಚಿತವಾಗಿ ದೊರೆಯುತ್ತದೆ. 13 ಅಂಕಿಗಳ ಈ ಸಂಖ್ಯೆ ಸರಿಯಾಗಿದ್ದರೆ ಶೀರ್ಷಿಕೆಯ ಕಾಗುಣಿತ ಹೇಗಿದ್ದರೂ ಪುಸ್ತಕವನ್ನು ಗುರುತಿಸಬಹುದು, ಬೇರೊಬ್ಬರ ಮುದ್ರಣದೊಡನೆ ಬೆರೆತುಹೋಗಿದ್ದರೆ ತಿದ್ದಿಸಬಹುದು. ಗೌರವಪ್ರತಿ ನೀಡುವಾಗ ಹೊಗಳಿಕೆಯನ್ನು ಷರತ್ತಾಗಿ ಇಡಬಾರದು. ಗೌರವಪ್ರತಿ ಪಡೆದುದನ್ನು ವಿಮರ್ಶಕನು ಬರಹದಲ್ಲಿಯೇ ತಿಳಿಸುವಂತೆ ಕೋರಬೇಕು. ನೌಕರರಿಂದಲೂ ಬಂಧುಗಳಿಂದಲೂ ವಿಮರ್ಶೆ ಬರೆಯಿಸುವ ಅಭ್ಯಾಸವಿದ್ದರೆ ಕೂಡಲೇ ನಿಲ್ಲಿಸಬೇಕು. ಅಂತಹ ಹತ್ತು ಹೊಗಳಿಕೆಗಳನ್ನು ಅಳಿಸುವಾಗ ಅವುಗಳ ಜೊತೆಗೆ ನಿಜವಾದ ಎರಡು ವಿಮರ್ಶೆಗಳೂ ಹೋಗುವ ಅಪಾಯವಿದೆ.

ಓದುಗರಿಗೂ ಒಂದು ಸಲಹೆ ಉಚಿತವಾದೀತು. ವಿಮರ್ಶೆಯನ್ನು ಮೊದಲು ತಮ್ಮದೇ ಕಂಪ್ಯೂಟರಿನಲ್ಲಿ ಬರೆದು ಉಳಿಸಿಕೊಂಡು, ನಂತರ ತಾಣದಲ್ಲಿ ಹಾಕಬೇಕು. ಬರಹ ತಿರಸ್ಕೃತವಾದಲ್ಲಿ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆದು ಕಾರಣ ಕೇಳಬಹುದು. ಪ್ರತಿ ಕೈಯಲ್ಲಿದ್ದರೆ ಅದನ್ನು ಪತ್ರಿಕೆಗಾಗಲಿ ಬೇರೆ ತಾಣಕ್ಕಾಗಲಿ ಕಳುಹಿಸಲು ಅಡ್ಡಿಯಿಲ್ಲ.

ಉಪಸಂಹಾರ

ಓದುಗನು ವಿಮರ್ಶೆಯನ್ನು ತನ್ನ ಮಾತೆಂದು ತಿಳಿಯುತ್ತಾನೆ, ಅಂಗಡಿಯವನು ಅದನ್ನು ತನ್ನ ಅಂಗಡಿಯ ಭಾಗವೆಂದು ತಿಳಿಯುತ್ತಾನೆ. ಇಬ್ಬರದೂ ತಪ್ಪಲ್ಲ. ಆದರೆ ಅಂಗಡಿಗೆ ಬಂದು, ಕೂಲಿ ಕೇಳದೆ, ಸರಕಿನ ಗುಣವನ್ನು ಇತರರಿಗೆ ತಿಳಿಸಲು ಸಿದ್ಧನಾದ ಗ್ರಾಹಕನನ್ನು ಯಾವ ವರ್ತಕನೂ ಕಾರಣ ಹೇಳದೆ ಹೊರಗೆ ಕಳುಹಿಸಲಾರ. ಗಲ್ಲಾಪೆಟ್ಟಿಗೆಯ ಮುಂದೆ ಪಾಲಿಸುವ ಈ ಸೌಜನ್ಯವನ್ನು ಜಾಲತಾಣದಲ್ಲಿಯೂ ಪಾಲಿಸಬೇಕಾಗಿದೆ. ವಂಚಕರನ್ನು ತಡೆಯುವ ಕಾವಲು ಇರಲೇಬೇಕು. ಆ ಕಾವಲುಗಾರನಿಗೆ ಒಳ್ಳೆಯ ಗ್ರಾಹಕನೊಡನೆ ಮಾತನಾಡಲೂ ತಿಳಿದಿರಬೇಕು.